ವಿರೋಧಿ ಹಿಂಸೆಗೆ ಲೆಕ್ಕವಿಲ್ಲವೆ?

ಯುದ್ಧದ ಪ್ರಸ್ತಾಪ ಬಂದಾಗಲೆಲ್ಲ ಜೈನ ಸಮಾಜದ ಸಭೆಗಳಲ್ಲಿ ಒಂದು ಸಿದ್ಧ ಉತ್ತರ ಕೇಳಿಬರುತ್ತದೆ: ಗೃಹಸ್ಥನಿಗೆ ವಿರೋಧಿ ಹಿಂಸೆ ನಿಷಿದ್ಧವಲ್ಲ, ಚಾವುಂಡರಾಯನೂ ಸೇನಾಪತಿಯೇ ಆಗಿದ್ದನಲ್ಲವೆ? ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ ಹಿರಿಯರು ಅಣುವ್ರತಿಯು ಸಂಕಲ್ಪಿ ಹಿಂಸೆಯನ್ನು ತ್ಯಜಿಸಲೇಬೇಕೆಂದು ವಿಧಿಸಿದರು. ಉಳಿದ ಮೂರೂ ಹಿಂಸೆಯೇ ಅಲ್ಲವೆಂದು ಅವರು ಹೇಳಲಿಲ್ಲ. ಅನಿವಾರ್ಯತೆ ಬೇರೆ, ನಿರ್ದೋಷತೆ ಬೇರೆ.

ಈ ಭೇದವನ್ನು ಮರೆತವರು 1945ರ ಮೇ 1ರಂದು ರಂಗೂನ್ ನದಿಯ ಮುಖದಲ್ಲಿ ನಡೆದುದನ್ನು ಸ್ಮರಿಸಬೇಕು. ಸಮುದ್ರಮಾರ್ಗವಾಗಿ ಬರುತ್ತಿದ್ದ 26ನೆಯ ಭಾರತೀಯ ಡಿವಿಜನ್ನಿನ ಹಡಗುಗಳಿಗೆ ದಾರಿ ತೆರವು ಮಾಡಲು, ಎಲಿಫೆಂಟ್ ಪಾಯಿಂಟ್ ಎಂಬಲ್ಲಿನ ಫಿರಂಗಿ ನೆಲೆಗಳನ್ನು ವಶಪಡಿಸಿಕೊಳ್ಳುವುದಕ್ಕೆಂದು ಭಾರತೀಯ ಸೇನೆಯ ಗೂರ್ಖಾ ಪ್ಯಾರಾಚೂಟ್ ಪಡೆಯನ್ನು ವಿಮಾನಗಳಿಂದ ಇಳಿಸಲಾಯಿತು. ಸ್ವಪಕ್ಷದ ವಿಮಾನಗಳ ಬಾಂಬುಗಳೇ ಆ ಸೈನಿಕರಲ್ಲಿ ಕೆಲವರನ್ನು ಬಲಿ ತೆಗೆದುಕೊಂಡವು. ನೆಲೆಯಲ್ಲಿದ್ದ ಜಪಾನೀಯರು ನಲವತ್ತಕ್ಕಿಂತ ಕಡಿಮೆ. ಅವರು ಬಹುತೇಕ ಎಲ್ಲರೂ ಮಡಿದರು. ಮರುದಿನ ಸೇನೆ ದಡ ಸೇರಿತು. ಆದರೆ ಜಪಾನೀ ಸೇನೆ ಏಪ್ರಿಲ್ ಕೊನೆಯಲ್ಲಿಯೇ ರಂಗೂನ್ ನಗರವನ್ನು ತೊರೆದಿತ್ತು! ಶತ್ರು ಹೊರಟುಹೋದನೆಂದು ಸೆರೆಮನೆಯ ಮಾಡಿನ ಮೇಲೆ ಯುದ್ಧಕೈದಿಗಳು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. ಅದು ವಂಚನೆಯಿರಬಹುದೆಂಬ ಶಂಕೆಯಿಂದ ಕಾರ್ಯಾಚರಣೆ ನಿಲ್ಲಲಿಲ್ಲ.

ಮಳೆಗಾಲ ಸಮೀಪಿಸಿತ್ತು, ಹಡಗುಗಳಲ್ಲಿ ಸಾವಿರಾರು ಜೀವಗಳಿದ್ದವು, ಗೋಡೆಬರಹವನ್ನು ನಂಬಿ ಸೇನೆ ನಡೆಸಲಾಗದು ಎಂದು ಸೇನಾನಿಗಳ ಪರವಾಗಿ ವಾದಿಸಬಹುದು. ಆ ವಾದದಲ್ಲಿ ತೂಕವಿದೆ. ಆಜ್ಞೆಯಂತೆ ಆಕಾಶದಿಂದ ಧುಮುಕಿದ ಸೈನಿಕನ ಧೈರ್ಯವನ್ನೂ ಯಾರೂ ಹಳಿಯಬೇಕಾಗಿಲ್ಲ. ಪ್ರಶ್ನೆ ಬೇರೆಯೇ ಇದೆ. ಅಂದು ಹೋದ ಪ್ರಾಣಗಳನ್ನು "ವಿರೋಧಿ ಹಿಂಸೆ" ಎಂಬ ಒಂದೇ ಪದದಿಂದ ಒರಸಿಹಾಕಬಹುದೆ? ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಆಚಾರ್ಯ ಉಮಾಸ್ವಾಮಿಗಳು ಪ್ರಾಣಹಾನಿಯೊಡನೆ ಪ್ರಮಾದವನ್ನೂ ಸೇರಿಸಿದ್ದಾರೆ. ಆದ್ದರಿಂದ ಶತ್ರು ಎದುರಿಗಿದ್ದಾನೆಯೇ ಎಂಬುದಷ್ಟೇ ಸಾಲದು. ಈ ವಧೆ ಅಗತ್ಯವೇ, ಅನ್ಯ ಮಾರ್ಗ ಉಂಟೇ ಎಂದು ಎಚ್ಚರದಿಂದ ವಿಚಾರಿಸಿದೆವೆ ಎಂಬುದೂ ಮುಖ್ಯ.

ಚಾವುಂಡರಾಯನನ್ನು ಉದಾಹರಿಸುವವರು ಅವನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ್ದು ಯಾರ ಮೂರ್ತಿಯನ್ನು ಎಂಬುದನ್ನು ಮರೆಯುತ್ತಾರೆ. ಭರತ ಬಾಹುಬಲಿಯರ ಸೇನೆಗಳು ಎದುರಾದಾಗ ಉಭಯ ಪಕ್ಷದ ಮಂತ್ರಿಗಳು ಕೇಳಿದ್ದು ಇದೇ ಪ್ರಶ್ನೆಯನ್ನು: ಇಬ್ಬರ ಕಲಹಕ್ಕೆ ಇಷ್ಟು ಜನ ಏಕೆ ಸಾಯಬೇಕು? ದೃಷ್ಟಿ, ಜಲ, ಮಲ್ಲ ಯುದ್ಧಗಳಲ್ಲಿ ವಿವಾದ ಮುಗಿಯಿತು. ಗೆದ್ದವನು ರಾಜ್ಯವನ್ನೇ ತ್ಯಜಿಸಿದನು. ರಣರಂಗಗಳನ್ನು ಕಂಡಿದ್ದ ಸೇನಾಪತಿ ಪೂಜೆಗೆ ಆರಿಸಿಕೊಂಡದ್ದು ದಿಗ್ವಿಜಯಿಯನ್ನಲ್ಲ, ಗೆದ್ದೂ ಬಿಟ್ಟವನನ್ನು.

ಚಿಗಟೇರಿಯಂಥ ಬಯಲುಸೀಮೆಯ ಊರಿನ ಅಂಗಡಿಯಲ್ಲಿ ಕುಳಿತ ಶ್ರಾವಕನಿಗೆ ಬರ್ಮಾದ ಕಡಲು ಬಹುದೂರ. ಆದರೆ ಬೆಂಗಳೂರಿನ ಪ್ಯಾರಾಚೂಟ್ ರೆಜಿಮೆಂಟ್ ತರಬೇತಿ ಕೇಂದ್ರದಿಂದ ಹೊರಡುವ ತರುಣರು ದೂರದವರಲ್ಲ. ಯುದ್ಧಕ್ಕೆ ಜೈಕಾರ ಹಾಕುವುದೋ ಬೇಡವೋ ಎಂಬುದು ಅಂಗಡಿಕಟ್ಟೆಯಲ್ಲಿಯೂ ತೀರ್ಮಾನವಾಗುವ ವಿಷಯ. ಅನಿವಾರ್ಯ ಖರ್ಚೆಂದು ಖಾತೆಯಲ್ಲಿ ಬರೆಯದೆ ಬಿಡುವ ವ್ಯಾಪಾರಿ ಉಂಟೆ? ನಡೆಯುವಾಗ ತುಳಿದ ಇರುವೆಗೂ ಪ್ರತಿಕ್ರಮಣ ಮಾಡುವ ಸಮಾಜವು ಮನುಷ್ಯರ ಲೆಕ್ಕವನ್ನು ಮಾತ್ರ ಬರೆಯದೆ ಬಿಟ್ಟರೆ, ಅದು ಧರ್ಮವಲ್ಲ, ಕಳ್ಳಲೆಕ್ಕ.