ಬರಿಯ ಆವಿಯಂತೆ!

“ಇದು ಹೊಗೆಯಲ್ಲ ಸ್ವಾಮಿ, ಬರಿಯ ಆವಿ!” – ಎಲೆಕ್ಟ್ರಾನಿಕ್ ಸಿಗರೇಟಿನ ವಕೀಲರು ಹೂಡುವ ಮೊದಲ ವಾದ ಇದು. ಆವಿ ಎಂದರೇನೆಂಬುದು ನಮ್ಮ ಸೀಮೆಯವರಿಗೆ ತಿಳಿಯದ್ದಲ್ಲ. ಕಂಪ್ಲಿಯ ಕಡೆ ಬೆಲ್ಲದ ಕೊಪ್ಪರಿಗೆಯಿಂದ ಏಳುವುದು ಆವಿ. ಹೊಸಪೇಟೆಯ ಹೋಟೆಲಿನ ಇಡ್ಲಿ ಪಾತ್ರೆಯಿಂದ ಏಳುವುದು ಆವಿ. ಈ ಕೊಳವೆಯೊಳಗಿನದು ಬೇರೆ. ಪ್ರಾಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಹಣ್ಣಿನ ವಾಸನೆ ಕಟ್ಟಿದ ರಾಸಾಯನಿಕಗಳು, ಬಹುಮಟ್ಟಿಗೆ ನಿಕೋಟಿನ್ – ಇವನ್ನು ಬ್ಯಾಟರಿಯ ಬಲದಿಂದ ಕಾಯಿಸಿದಾಗ ಹುಟ್ಟುವ ಸೂಕ್ಷ್ಮ ತುಂತುರು ಅದು. ಕಾದಾಗ ಫಾರ್ಮಾಲ್ಡಿಹೈಡ್‌ನಂಥ ವಿಷವೂ ಹುಟ್ಟುತ್ತದೆ. ಕಾಯಿಸುವ ತಂತಿಯಿಂದ ನಿಕಲ್, ಸೀಸಗಳ ಅಂಶವೂ ಬೆರೆಯಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಸಂಡೂರಿನ ಗಣಿ ಧೂಳಾದರೂ ಕೆಂಪಗೆ ಕಣ್ಣಿಗೆ ಕಾಣುತ್ತದೆ. ಲಾರಿ ಬಂದರೆ ಮೂಗು ಮುಚ್ಚಿಕೊಳ್ಳುತ್ತೇವೆ. ಮಾವಿನ ಹಣ್ಣಿನ ಪರಿಮಳ ಹೊತ್ತು ಬರುವ ವಿಷಕ್ಕೆ ಮೂಗು ಮುಚ್ಚುವವರು ಯಾರು?

ಎರಡನೆಯ ವಾದ: ಬೀಡಿ ಸಿಗರೇಟಿಗಿಂತ ಇದು ಮೇಲು. ತಂಬಾಕನ್ನು ಸುಡುವುದರಿಂದ ಬರುವ ಟಾರು ಇದರಲ್ಲಿಲ್ಲವೆಂಬುದು ನಿಜ. ಆದರೆ ಹಂಪಿಯ ಹೊಳೆಯಲ್ಲಿ ಮುಳುಗುತ್ತಿರುವವನಿಗೆ ತೂತು ಹರಿಗೋಲೂ ಆಸರೆಯಾದೀತು. ಒಣಬಟ್ಟೆಯಲ್ಲಿ ದಡದ ಮೇಲೆ ನಿಂತ ಹುಡುಗನನ್ನು ಅದರೊಳಕ್ಕೆ ಕರೆಯುವುದು ಯಾವ ಉಪಕಾರ? ಬೀಡಿ ಮುಟ್ಟದ ಹುಡುಗನಿಗೆ ಇದು ಬಿಡಿಸುವ ಮದ್ದಲ್ಲ, ಹಿಡಿಸುವ ಚಟ. ಇನ್ನೂ ಬೆಳೆಯುತ್ತಿರುವ ಮಿದುಳನ್ನು ನಿಕೋಟಿನ್ ಬೇಗ ಕಟ್ಟಿಹಾಕುತ್ತದೆ. ಆ ದ್ರವವನ್ನು ಮನೆಯ ಕೂಸು ನುಂಗಿತೆಂದರೆ ಪ್ರಾಣಕ್ಕೇ ಸಂಚಕಾರ. ಕೆಟ್ಟ ಬ್ಯಾಟರಿ ಜೇಬಿನಲ್ಲೇ ಸಿಡಿದು ಸುಟ್ಟ ಪ್ರಸಂಗಗಳು ಪರದೇಶಗಳಲ್ಲಿ ನಡೆದಿವೆ.

ಮೂರನೆಯ ವಾದ: ಇದು ಹೊಸ ಕಾಲದ ವಸ್ತು. ಹಾಗೆ ನೋಡಿದರೆ ತಂಬಾಕೂ ಒಮ್ಮೆ ಹೊಸದೇ ಆಗಿತ್ತು! 1604ರ ಸುಮಾರಿಗೆ ನಮ್ಮ ಬಿಜಾಪುರದಿಂದಲೇ ಅಸದ್ ಬೇಗನು ಅದನ್ನು ಅಂದದ ಕೊಳವೆಯೊಡನೆ ಅಕ್ಬರನ ಆಸ್ಥಾನಕ್ಕೆ ಒಯ್ದನು. ಪರೀಕ್ಷಿಸದ ವಸ್ತು ಬೇಡವೆಂದು ಆಸ್ಥಾನದ ಹಕೀಮನು ತಡೆದನು. ಕೇಳಿದವರಾರು? 1617ರಲ್ಲಿ ಜಹಾಂಗೀರನು ನಿಷೇಧಿಸುವ ಹೊತ್ತಿಗೆ ಚಟ ಊರೂರಿಗೆ ಹಬ್ಬಿತ್ತು.

ನಮ್ಮಲ್ಲಿ ನಿಷೇಧಕ್ಕೇನೂ ಬಡತನವಿಲ್ಲ. ಕರ್ನಾಟಕವು 2016ರಲ್ಲಿಯೇ ಇದನ್ನು ತಡೆಯಿತು. 2019ರ ಕೇಂದ್ರ ಕಾಯಿದೆಯು ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ದೇಶಕ್ಕೆಲ್ಲ ನಿಷೇಧಿಸಿತು. ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಆದರೆ ಕದ್ದು ಮಾರುವ ಸರಕಿಗೆ ತೂಕವಿಲ್ಲ, ತಪಾಸಣೆಯಿಲ್ಲ. ಅಮೆರಿಕದಲ್ಲಿ 2019ರಿಂದ 2020ರ ಫೆಬ್ರವರಿಯವರೆಗೆ ಇಂಥ ಕೊಳವೆ ಸೇದಿ ಶ್ವಾಸಕೋಶ ಕೆಟ್ಟು 2,807 ಮಂದಿ ಆಸ್ಪತ್ರೆ ಸೇರಿದರು ಇಲ್ಲವೆ ಸತ್ತರು, ಸತ್ತವರೇ 68. ಅವರಲ್ಲಿ ಬಹುಮಂದಿ ಸೇದಿದ್ದು ಗಾಂಜಾ ಸತ್ವಕ್ಕೆ ವಿಟಮಿನ್ ‘ಇ’ ಅಸಿಟೇಟ್ ಕಲಬೆರಕೆ ಮಾಡಿದ ಕಳ್ಳ ಸರಕು. ಕೊಳವೆಯೊಳಗೇನಿದೆಯೆಂಬುದು ಸೇದುವವನಿಗೇ ತಿಳಿಯದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದುದರಿಂದ ಅಧಿಕಾರಿಗಳು ಕಾಯಿದೆಯನ್ನು ಕಡತದಿಂದ ಅಂಗಡಿಗೆ ತರಲಿ. ಹೆತ್ತವರು ಮಗನ ಚೀಲದಲ್ಲಿರುವುದು ಪೆನ್ನೋ ಪೆನ್‌ಡ್ರೈವೋ ಮತ್ತೊಂದೋ ಎಂದು ಗುರುತಿಸಲು ಕಲಿಯಲಿ. ಬೀಡಿಯ ದಾಸನಿಗೆ ಬಿಡುವ ದಾರಿಯನ್ನು ವೈದ್ಯರು ತೋರಲಿ. ನಾಲ್ಕು ನೂರು ವರ್ಷಗಳ ಹಿಂದೆ ಹಕೀಮನ ಮಾತನ್ನು ನಕ್ಕು ತಳ್ಳಿದ್ದಕ್ಕೆ ಇಂದಿಗೂ ದಂಡ ತೆರುತ್ತಿದ್ದೇವೆ. ಎರಡನೆಯ ಸಲವೂ ತೆರಬೇಕೆ?