ಹೆಪ್ಪು ಕೇಳುವ ನೆಪದಲ್ಲಾದರೂ ಬಾಗಿಲು ಬಡಿಯಿರಿ

ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ 2023ರ ಡಿಸೆಂಬರ್ 10ರ ನಡುರಾತ್ರಿ ಒಬ್ಬ ತಾಯಿಯನ್ನು ಮನೆಯಿಂದ ಹೊರಗೆಳೆದು, ಬೆತ್ತಲೆ ಮಾಡಿ, ಓಣಿಯಲ್ಲಿ ನಡೆಸಿ, ಕರೆಂಟು ಕಂಬಕ್ಕೆ ಕಟ್ಟಿ ಹೊಡೆದರು. ಆಕೆಯ ಮಗ ತಾನು ಮೆಚ್ಚಿದ ಹುಡುಗಿಯ ಜೊತೆ ಊರು ಬಿಟ್ಟಿದ್ದ. ಹುಡುಗಿಗೆ ಬೇರೆ ಕಡೆ ನಿಶ್ಚಿತಾರ್ಥ ಗೊತ್ತಾಗಿತ್ತು. ಮಗ ಕೈಗೆ ಸಿಗಲಿಲ್ಲ, ತಾಯಿ ಸಿಕ್ಕಳು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಆಗ ಚಳಿಗಾಲದ ಅಧಿವೇಶನ ನಡೆಯುತ್ತಿತ್ತು. ಇಡೀ ಸರ್ಕಾರವೇ ಅದೇ ತಾಲ್ಲೂಕಿನಲ್ಲಿ ಬೀಡುಬಿಟ್ಟಿತ್ತು.

ಹೈಕೋರ್ಟ್ ತಾನೇ ಮುಂದಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಮುಖ್ಯ ನ್ಯಾಯಮೂರ್ತಿಯಾಗಿದ್ದ ಪ್ರಸನ್ನ ಬಿ. ವರಾಳೆ ಅವರ ಪೀಠ ಹೊಡೆದವರ ವಿಚಾರಕ್ಕೇ ನಿಲ್ಲಲಿಲ್ಲ, ನೋಡುತ್ತ ನಿಂತವರ ವಿಚಾರವನ್ನೂ ಎತ್ತಿತು. ಐವತ್ತು ಅರವತ್ತು ಮಂದಿ ಸೇರಿದ್ದ ಜಾಗದಲ್ಲಿ ಬಿಡಿಸಲು ಹೋದವರು ಬೆರಳೆಣಿಕೆಯಷ್ಟು. ಹಾಗೆ ಹೋದವರಿಗೂ ಏಟು ಬಿತ್ತು. ಇದು ಸಾಮೂಹಿಕ ಹೇಡಿತನ ಎಂದಿತು ಪೀಠ. ಬ್ರಿಟಿಷ್ ಗವರ್ನರ್ ಜನರಲ್ ಆಗಿದ್ದ ಬೆಂಟಿಂಕ್ ಕಾಲದಲ್ಲಿ ಅಪರಾಧಕ್ಕೆ ಆಸರೆ ಕೊಟ್ಟ ಇಡೀ ಊರಿನ ಮೇಲೆ ಹೇರುತ್ತಿದ್ದ ಪುಂಡುಗಂದಾಯವನ್ನೂ ನೆನಪಿಸಿ, ಸುಮ್ಮನೆ ನೋಡಿದವರಿಂದ ಅಂಥ ದಂಡ ವಸೂಲು ಮಾಡಿ ಸಂತ್ರಸ್ತೆಗೆ ಏಕೆ ಕೊಡಬಾರದು ಎಂಬ ಅರ್ಥದ ಮಾತಾಡಿತು.

ದ್ರೌಪದಿಯ ಪ್ರಸಂಗವನ್ನೂ ಪೀಠ ಎತ್ತಿತ್ತು. ಆ ಸಭೆಯಲ್ಲಿ ಭೀಷ್ಮ, ದ್ರೋಣರು ತಲೆ ತಗ್ಗಿಸಿ ಕುಳಿತಿದ್ದಾಗ ಇದು ಅನ್ಯಾಯ ಎಂದು ಎದ್ದು ನಿಂತವನು ಕೌರವರಲ್ಲೇ ಒಬ್ಬ, ವಿಕರ್ಣ. ಕರ್ಣ ಅವನ ಬಾಯಿ ಮುಚ್ಚಿಸಿದ. ಭೀಷ್ಮ, ದ್ರೋಣರು ಅವನ ಬೆನ್ನಿಗೆ ನಿಂತಿದ್ದರೆ ಕಥೆ ಹೇಗಿರುತ್ತಿತ್ತೋ.

ವಂಟಮುರಿ ಎಲ್ಲೋ ದೂರ ಅನ್ನುವವರು ನಮ್ಮ ಬಳ್ಳಾರಿಗೆ ಹೊಳೆಯಾಚೆಯ ಕೊಪ್ಪಳವನ್ನು ನೆನೆಯಬಹುದು. 2017ರ ಫೆಬ್ರುವರಿ 1ರಂದು ಸೈಕಲ್ಲಿನಲ್ಲಿ ಹೊರಟಿದ್ದ ಹದಿನೆಂಟರ ಹುಡುಗನಿಗೆ ಬಸ್ಸು ಬಡಿಯಿತು. ರಕ್ತದ ಮಡುವಿನಲ್ಲಿ ಬಿದ್ದು ಅಂಗಲಾಚುತ್ತಿದ್ದವನ ಸುತ್ತ ಜನ ಮೊಬೈಲು ಹಿಡಿದು ನಿಂತರು. ಹುಡುಗ ಬದುಕಲಿಲ್ಲ, ವಿಡಿಯೊ ಉಳಿಯಿತು. ಅಪಘಾತದಲ್ಲಿ ನೆರವಾದವರನ್ನು ಠಾಣೆ, ಕೋರ್ಟೆಂದು ಅಲೆಸದಂತೆ ಕಾಯುವ ಮಸೂದೆಗೆ ರಾಜ್ಯದ ಶಾಸಕಾಂಗ 2016ರಲ್ಲೇ ಒಪ್ಪಿಗೆ ಕೊಟ್ಟಿತ್ತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಅಂಥದ್ದೊಂದು ಕಾನೂನು ಇದೆ ಎಂಬುದು ಬಳ್ಳಾರಿಯ ಮೋಕಾ ರಸ್ತೆಯಲ್ಲಿ ದಿನಾ ಓಡಾಡುವ ಎಷ್ಟು ಜನರಿಗೆ ಗೊತ್ತು?

ನಡುಬೀದಿಯ ಕ್ರೌರ್ಯ ಸುದ್ದಿಯಾಗುತ್ತದೆ. ಗೋಡೆಯ ಆಚೆಗಿನದು ಆಗುವುದಿಲ್ಲ. ರಾತ್ರಿ ಪಕ್ಕದ ಮನೆಯಲ್ಲಿ ತಾಟು ಬಿದ್ದ ಸಪ್ಪಳ, ಆಮೇಲೆ ಏಟಿನ ಸಪ್ಪಳ, ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡ ಅಳು. ಈಚೆ ಮನೆಯಲ್ಲಿ ಟಿ.ವಿ. ಸೌಂಡು ಸ್ವಲ್ಪ ಜಾಸ್ತಿಯಾಗುತ್ತದೆ. ಬೆಳಗ್ಗೆ ನಳದ ಹತ್ತಿರ ಆ ಹೆಣ್ಣುಮಗಳ ಊದಿದ ಕೆನ್ನೆ ಎಲ್ಲರಿಗೂ ಕಾಣುತ್ತದೆ, ಯಾರೂ ಕೇಳುವುದಿಲ್ಲ. “ಗಂಡ ಹೆಂಡ್ತಿ ಜಗಳ, ನಮಗ್ಯಾಕ ಬೇಕು ಊರ ಉಸಾಬರಿ?” 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದಕ್ಕೆ ಉತ್ತರ ಕೊಟ್ಟಿದೆ. ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಒಳ್ಳೆಯ ಉದ್ದೇಶದಿಂದ ಕೊಟ್ಟವರ ಮೇಲೆ ಯಾವ ಕೇಸೂ ನಿಲ್ಲದು. ಮಕ್ಕಳ ವಿಚಾರದಲ್ಲಂತೂ ಕಾನೂನು ಇನ್ನೂ ಬಿಗಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ, ಪೋಕ್ಸೊ ಕಾಯ್ದೆಯ ಪ್ರಕಾರ ಸುಮ್ಮನಿದ್ದವರಿಗೇ ಆರು ತಿಂಗಳವರೆಗೆ ಜೈಲು.

ಈ ಸೀಮೆಗೇ ಅಂಟಿಕೊಂಡ ಇನ್ನೊಂದು ಮೌನವಿದೆ. ದೇವದಾಸಿ ಪದ್ಧತಿಗೆ ನಿಷೇಧ ಹೇರಿದ ಕಾಯ್ದೆ ಬಂದದ್ದು 1982ರಲ್ಲಿ. ಆಮೇಲೆ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕ ದೇವದಾಸಿ ಮಹಿಳೆಯರು 46 ಸಾವಿರಕ್ಕೂ ಹೆಚ್ಚು. ಬಳ್ಳಾರಿ, ಕೊಪ್ಪಳ, ರಾಯಚೂರು ಆ ಪಟ್ಟಿಯ ಮುಖ್ಯ ಜಿಲ್ಲೆಗಳು. ಕಾಯ್ದೆ ಬಂದ ಮೇಲೆ ಜಾತ್ರೆಯ ಬಯಲಲ್ಲಿ ಮುತ್ತು ಕಟ್ಟಿ ಹುಡುಗಿಯನ್ನು ದೇವದಾಸಿ ಮಾಡುವ ಧೈರ್ಯ ಯಾರಿಗೂ ಇಲ್ಲ. ಕಟ್ಟುವುದಿದ್ದರೆ ಕದ ಹಾಕಿಕೊಂಡೇ ಕಟ್ಟಬೇಕು. ಆದರೆ ಎಂಟನೇ ಕ್ಲಾಸಿನ ಹುಡುಗಿ ಒಮ್ಮಿಂದೊಮ್ಮೆಲೇ ಸಾಲಿ ಬಿಟ್ಟರೆ ಓಣಿಗೆ ಗೊತ್ತಾಗದೆ ಇರುತ್ತದೆಯೇ? ಮೇಷ್ಟ್ರಿಗೆ, ಅಂಗನವಾಡಿ ಅಕ್ಕನಿಗೆ, ಎದುರು ಮನೆಯ ಅಜ್ಜಿಗೆ, ಎಲ್ಲರಿಗೂ ಗೊತ್ತಿರುತ್ತದೆ.

ಹೆದರಿಕೆ ಸುಳ್ಳಲ್ಲ, ಅದನ್ನೂ ಹೇಳಬೇಕು. ಮೆಣಸಿನಕಾಯಿ ಬಿಡಿಸುವ ಕೂಲಿಗೆ ಯಾರ ಹೊಲಕ್ಕೆ ಹೋಗುತ್ತಾಳೋ ಅವರ ಮನೆಯ ಹುಡುಗನ ಮೇಲೆ ಸಾಕ್ಷಿ ಹೇಳೆಂದು ಬಡ ಹೆಣ್ಣುಮಗಳಿಗೆ ಉಪದೇಶ ಮಾಡುವುದು ಸುಲಭ. ನಾಳೆ ಅವಳ ಕೂಲಿ ಹೋದರೆ ಉಪದೇಶ ಮಾಡಿದವರು ಅಕ್ಕಿ ಕೊಡುವುದಿಲ್ಲ. ಹಾಗಾಗಿ ಎಲ್ಲರ ಮೌನವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹತ್ತೆಕರೆ ನೀರಾವರಿ ಇದ್ದವರು, ಪಂಚಾಯಿತಿ ಸದಸ್ಯರು, ಸೊಸೈಟಿ ನಿರ್ದೇಶಕರು, ತಿಂಗಳ ಸಂಬಳದ ನೌಕರರು, ಗುಡಿ ಕಮಿಟಿಯ ಹಿರಿಯರು, ಇವರು ಬಾಯಿ ಬಿಟ್ಟರೆ ಕಳೆದುಕೊಳ್ಳುವುದು ಕಡಿಮೆ. ಮೊದಲು ಎದ್ದು ನಿಲ್ಲಬೇಕಾದವರು ಇವರೇ. ಕಟ್ಟೆಯ ಮೇಲೆ ಕೂತು ಊರಿನ ಮಾನದ ಬಗ್ಗೆ ಮಾತಾಡುವವರೂ ಸಾಮಾನ್ಯವಾಗಿ ಇವರೇ ಅಲ್ಲವೇ?

ಗುಂಪು ದೊಡ್ಡದಾದಷ್ಟೂ ಧೈರ್ಯ ಹೆಚ್ಚಬೇಕಿತ್ತು, ಆಗುವುದು ತಿರುವುಮುರುವು. 1968ರಲ್ಲಿ ಅಮೆರಿಕದ ಡಾರ್ಲಿ ಮತ್ತು ಲಟಾನೆ ಎಂಬ ಮನಃಶಾಸ್ತ್ರಜ್ಞರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಒಬ್ಬನಿಗೆ ಮೂರ್ಛೆ ಬಂದಂತೆ ನಟಿಸಿದಾಗ, ಕೇಳಿಸಿಕೊಂಡವನು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ 85ರಷ್ಟು ಜನ ನೆರವು ಕರೆಯಲು ಎದ್ದರು. ಇನ್ನೂ ನಾಲ್ಕು ಮಂದಿ ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು ಶೇ 31 ಮಾತ್ರ. ಯಾರಾದರೂ ಹೋಗುತ್ತಾರೆ ಬಿಡು ಎಂದು ಪ್ರತಿಯೊಬ್ಬರೂ ಅಂದುಕೊಂಡರೆ ಯಾರೂ ಹೋಗುವುದಿಲ್ಲ. ಆದ್ದರಿಂದ ಯಾರು ಹೋಗಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು.

ಮೋಕಾ, ಸಿರುಗುಪ್ಪ, ಕುರುಗೋಡು ಸೀಮೆಯ ಬಂಧುಗಳಲ್ಲಿ ಕಳಕಳಿಯ ಮನವಿ ಇಷ್ಟೇ. ಓಣಿಗೆ ನಾಲ್ಕೈದು ಮನೆಯವರು ಮಾತಾಡಿಕೊಂಡಿರಿ, ಕೂಗು ಕೇಳಿದರೆ ಒಟ್ಟಿಗೆ ಹೋಗಿರಿ. ಮಹಿಳಾ ಸಂಘದ ವಾರದ ಸಭೆಯಲ್ಲಿ ಸಾಲದ ಕಂತಿನ ಜೊತೆ ಈ ಮಾತೂ ಬರಲಿ. ಬ್ರೇಕ್‌ಥ್ರೂ ಸಂಸ್ಥೆ 2008ರಲ್ಲಿ ಆರಂಭಿಸಿದ ‘ಬೆಲ್ ಬಜಾವೊ’ ಅಭಿಯಾನ ಹೇಳಿದ ಉಪಾಯ ಸರಳ: ಹೊಡೆತದ ಸದ್ದು ಕೇಳಿದರೆ ಆ ಮನೆಯ ಬೆಲ್ ಒತ್ತಿ ಏನಾದರೊಂದು ಕೇಳಿ. ನಮ್ಮ ಕಡೆ ಬೆಲ್ಲು ಇಲ್ಲದಿದ್ದರೂ ಬಾಗಿಲು ಇದೆ. “ಅಕ್ಕಾ, ಒಂಚೂರು ಹೆಪ್ಪು ಇದ್ರ ಕೊಡ್ರಿ” ಅಂದರೆ ಎತ್ತಿದ ಕೈ ಆ ಹೊತ್ತಿಗಾದರೂ ಇಳಿಯಬಹುದು. ಅಪಾಯ ಕಂಡರೆ ದೂರ ನಿಂತೇ 112ಕ್ಕೆ ಫೋನ್ ಮಾಡಿ. ಮಕ್ಕಳ ವಿಷಯವಾದರೆ 1098, ಹೆಣ್ಣುಮಕ್ಕಳದಾದರೆ 181. ಮೊಬೈಲು ಕೈಯಲ್ಲಿ ಹೇಗೂ ಇದೆ, ವಿಡಿಯೊ ತೆಗೆಯುವ ಮೊದಲು ಈ ನಂಬರು ಒತ್ತಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಪಿಡಿಒ ಅವರನ್ನು ಕೇಳಿ: ಈ ಮೂರು ನಂಬರು ಪಂಚಾಯಿತಿ ಗೋಡೆಯ ಮೇಲೆ, ಸಾಲಿಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಯಾವಾಗ ಬರೆಸುತ್ತೀರಿ? ತಾರೀಖು ಹೇಳಿಸಿಕೊಂಡೇ ಕುಳಿತುಕೊಳ್ಳಿ.