ಖಾಲಿ ಎಂಬ ಮಾತನ್ನು ನಂಬದಿರೋಣ

ಮಹಾನವಮಿ ಸಮೀಪಿಸಿತೆಂದರೆ ನಮ್ಮ ಭಾಗದ ಮನೆಗಳಲ್ಲಿ ಒಂದು ವಿಶೇಷ ಸಡಗರ. ಒಕ್ಕಲು ಮನೆತನದವರು ಕೂರಿಗೆ ಕುಂಟೆಗಳನ್ನು ತೊಳೆದಿಡುತ್ತಾರೆ. ಬಡಿಗರು ಉಳಿ ಬಾಚಿಗಳನ್ನು, ನೇಕಾರರು ಲಾಳಿಯನ್ನು, ವ್ಯಾಪಾರಸ್ಥರು ತಕ್ಕಡಿಯನ್ನು ದೇವರ ಜಗುಲಿಯ ಮುಂದೆ ಇರಿಸುತ್ತಾರೆ. ಅನ್ನ ಕೊಡುವ ಕಾಯಕದ ಸಾಧನಗಳಿಗೆ ವಿಭೂತಿ ಧರಿಸಿ, ಹೂವೇರಿಸಿ ಖಂಡೇಪೂಜೆ ಮಾಡುವ ಈ ಸಂಪ್ರದಾಯ ಅರ್ಥಪೂರ್ಣವಾದುದು. ಆದರೆ ಕೆಲವು ಹಳೆಯ ಮನೆತನಗಳಲ್ಲಿ ಈ ಸಾಲಿನಲ್ಲಿ ಇನ್ನೊಂದು ವಸ್ತುವೂ ಬಂದು ಕೂಡುತ್ತದೆ. ಅದು ವರುಷವೆಲ್ಲ ತಿಜೋರಿಯಲ್ಲಿದ್ದು ಅಂದು ಮಾತ್ರ ಹೊರಬರುವ ಬಂದೂಕು, ಇಲ್ಲವೇ ರಿವಾಲ್ವರ್. ಈ ತಿಂಗಳು ಅದರ ಕುರಿತೇ ನಾಲ್ಕು ಮಾತುಗಳನ್ನು ಸದ್ಭಕ್ತ ಕುಟುಂಬಗಳ ಮುಂದಿಡಲು ನಾವು ಬಯಸಿದ್ದೇವೆ.

ಇದಕ್ಕೆ ಕಾರಣವಾದ ಪ್ರಸಂಗವೊಂದಿದೆ. ಕೆಲವು ವರುಷಗಳ ಹಿಂದೆ ಧಾರವಾಡಕ್ಕೆ ಸಮೀಪದ ಹಳ್ಳಿಯೊಂದರ ವಾಡೆಗೆ ನಾವು ಹಬ್ಬದ ಹಿಂದಿನ ದಿನ ಹೋಗಿದ್ದೆವು. ನಮ್ಮೊಡನೆ ಸೇನೆಯಿಂದ ನಿವೃತ್ತರಾದ ಸುಭೇದಾರರೊಬ್ಬರು ಇದ್ದರು. ಪಡಸಾಲೆಯಲ್ಲಿ ಜಮಖಾನೆ ಹಾಸಿ, ಮನೆಯ ಯಜಮಾನರು ಎಣ್ಣೆಯ ಅರಿವೆಯಿಂದ ತಮ್ಮ ರಿವಾಲ್ವರನ್ನು ಒರೆಸುತ್ತಿದ್ದರು. ಲಿಂಗೈಕ್ಯರಾದ ಅವರ ತಂದೆಯವರ ಕಾಲದ ಆಯುಧವದು. ಹತ್ತು ವರುಷದ ಮೊಮ್ಮಗ ಪಕ್ಕದಲ್ಲಿ ಕುಳಿತು ಕೈಚಾಚುತ್ತಿದ್ದ. ಅಜ್ಜನವರು ನಕ್ಕು, "ತೊಗೊ, ಹಿಡಿದು ನೋಡು. ಖಾಲಿ ಐತಿ, ಅಂಜಬ್ಯಾಡ" ಎಂದು ಅದನ್ನು ಹುಡುಗನ ಕೈಗಿತ್ತರು. ಸುಭೇದಾರರು ತಟ್ಟನೆ ಎದ್ದು, "ಗೌಡ್ರ, ಒಂದ ನಿಮಿಷ, ಇಲ್ಲೆ ಕೊಡ್ರಿ" ಎಂದು ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ನಳಿಗೆಯನ್ನು ಬರಿಯ ನೆಲದತ್ತ ತಿರುಗಿಸಿ ಸಿಲಿಂಡರನ್ನು ತೆರೆದರು. ಆರು ಮನೆಗಳಲ್ಲಿ ಐದು ಬರಿದಾಗಿದ್ದವು. ಆರನೆಯದರಲ್ಲಿ ಒಂದು ಕಾಡತೂಸು ಹಿತ್ತಾಳೆಯ ಬಣ್ಣದಲ್ಲಿ ಹೊಳೆಯುತ್ತಿತ್ತು.

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಒಳಗಿನಿಂದ ಹೋಳಿಗೆಯ ಹೂರಣ ರುಬ್ಬುವ ಸದ್ದು ಮಾತ್ರ ಕೇಳುತ್ತಿತ್ತು. ಯಜಮಾನರ ಮುಖ ಬೆವರಿತು. "ಹೋದ ವರ್ಷ ನಾನs ತಗದಿಟ್ಟಿದ್ನೆಲ್ಲಾ" ಎಂದು ಅವರು ಮೆಲ್ಲಗೆ ನುಡಿದರು. ಅವರು ಸುಳ್ಳು ಹೇಳಿದವರಲ್ಲ, ಬೇಜವಾಬ್ದಾರರೂ ಅಲ್ಲ. ಐದನ್ನು ತೆಗೆದು ಆರನ್ನೂ ತೆಗೆದೆನೆಂದು ನಂಬಿದ್ದರು, ಅಷ್ಟೇ. ಆಕಸ್ಮಿಕಗಳು ದುಷ್ಟರ ಮನೆಯಲ್ಲಿ ಮಾತ್ರ ಘಟಿಸುವುದಿಲ್ಲ. ನೆನಪನ್ನು ನಂಬಿ ಕಣ್ಣನ್ನು ಬಳಸದಿರುವ ಸಜ್ಜನರ ಮನೆಯಲ್ಲಿಯೂ ಘಟಿಸುತ್ತವೆ.

ನಮ್ಮ ಮನೆಗಳಿಗೆ ಈ ಆಯುಧ ಬಂದುದಕ್ಕೆ ಇತಿಹಾಸವಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದುದು ಗುಂಡಿನ ಏಟಿಗೆ. 1857ರಲ್ಲಿ ಬ್ರಿಟಿಷರು ಪ್ರಜೆಗಳ ಆಯುಧಗಳನ್ನು ಕಸಿಯುವ ಕಾಯಿದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿ ಪ್ರಾಣ ತೆತ್ತರು. ಆದ್ದರಿಂದ ಗೋಡೆಯ ಮೇಲಿನ ಬಂದೂಕು ಹಲವರಿಗೆ ಮನೆತನದ ಮಾನದ ಗುರುತಾಗಿ ಕಾಣುತ್ತದೆ. ಬೆಳೆ ಕಾಯಲೆಂದು, ನಗದಿನ ವ್ಯವಹಾರದ ಭಯದಿಂದ ಪರವಾನಗಿ ಪಡೆದವರೂ ಇದ್ದಾರೆ. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ವೈರಿಗಾಗಿ ಇಟ್ಟ ಆಯುಧ ಮನೆಯವರನ್ನೇ ಬಲಿ ತೆಗೆದುಕೊಳ್ಳುವುದುಂಟೆಂಬುದನ್ನು ಮರೆಯಲಾಗದು.

ಇತ್ತೀಚಿನ ಕೆಲವು ಘಟನೆಗಳನ್ನೇ ನೋಡೋಣ. 2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬಯಿಯಲ್ಲಿ ಹಿಂದಿ ಚಿತ್ರನಟ ಗೋವಿಂದಾ ಅವರು ಕೋಲ್ಕತ್ತಾಕ್ಕೆ ಹೊರಡುವ ಸಿದ್ಧತೆಯಲ್ಲಿದ್ದರು. ಪರವಾನಗಿಯುಳ್ಳ ತಮ್ಮ ರಿವಾಲ್ವರನ್ನು ಕಪಾಟಿನಲ್ಲಿ ಇರಿಸುವಾಗ ಅದು ಕೈಜಾರಿ ಬಿದ್ದು, ಗುಂಡು ಅವರ ಕಾಲನ್ನೇ ಹೊಕ್ಕಿತೆಂದು ವರದಿಯಾಯಿತು. ಶಸ್ತ್ರಚಿಕಿತ್ಸೆಯಿಂದ ಅವರು ಉಳಿದುಕೊಂಡರು. 2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲೂಕಿನ ಕೋಳಿ ಫಾರ್ಮೊಂದರಲ್ಲಿ ನಡೆದುದು ಇನ್ನೂ ದಾರುಣ. ಅಲ್ಲಿದ್ದ ಬಂದೂಕನ್ನು ಬಾಲಕನೊಬ್ಬ ಆಟಕ್ಕೆಂದು ಎತ್ತಿಕೊಂಡ. ಗುಂಡು ಹಾರಿ, ದುಡಿಯಲು ಬಂದ ಪಶ್ಚಿಮ ಬಂಗಾಳದ ಕುಟುಂಬದ ಪುಟ್ಟ ಮಗುವೊಂದು ಅಸುನೀಗಿತು, ಅದರ ತಾಯಿಯೂ ಗಾಯಗೊಂಡಳು. ಅದೇ ವರುಷದ ಸೆಪ್ಟೆಂಬರಿನಲ್ಲಿ ನಮ್ಮ ನೆರೆಯ ಶಿರಸಿಯ ಕಡೆ, ಮಂಗಗಳನ್ನು ಓಡಿಸಲು ಇರಿಸಿದ್ದ ಏರ್‌ಗನ್ನಿನ ಗುಂಡು ತಗುಲಿ ಬಾಲಕನೊಬ್ಬ ಮೃತನಾದ. ಏರ್‌ಗನ್ ಎಂದರೆ ಆಟಿಕೆಯೆಂದು ಭಾವಿಸುವವರಿಗೆ ಇದೊಂದು ಎಚ್ಚರಿಕೆ.

ಈ ಮೂರರಲ್ಲಿಯೂ ಕೊಲ್ಲಬೇಕೆಂಬ ಮನಸ್ಸು ಯಾರಿಗೂ ಇರಲಿಲ್ಲ. ಆಯುಧಕ್ಕೆ ಮನಸ್ಸೆಂಬುದಿಲ್ಲ. ಕಾಡತೂಸಿನ ಹಿಂಬದಿಯ ನಡುವೆ ಸ್ವಲ್ಪ ಪೆಟ್ಟು ಬಿದ್ದರೂ ಸಿಡಿಯುವ ಪುಟ್ಟ ಮದ್ದಿನ ಗುಂಡಿಯಿರುತ್ತದೆ. ಒಂದು ಸಣ್ಣ ಮೊಳೆ ಅದನ್ನು ಕುಟ್ಟಿದೊಡನೆ ಒಳಗಿನ ಮದ್ದು ಉರಿದು ಗುಂಡು ಹೊರಡುತ್ತದೆ. ಕುಟ್ಟಿದವರು ಅರಿತು ಕುಟ್ಟಿದರೋ, ಅರಿಯದೆ ಕುಟ್ಟಿದರೋ ಎಂಬುದನ್ನು ಅದು ಕೇಳುವುದಿಲ್ಲ. ಅಲ್ಲದೆ ಮನೆಯ ಬಾಗಿಲಿನ ಹಲಗೆಯಾಗಲಿ, ತೆಳುವಾದ ಅಡ್ಡಗೋಡೆಯಾಗಲಿ ಗುಂಡನ್ನು ತಡೆಯಲಾರದು. ಪಡಸಾಲೆಯಲ್ಲಿ ಹಾರಿದ ಗುಂಡು ಅಡುಗೆಮನೆಯಲ್ಲಿದ್ದವರನ್ನು ಮುಟ್ಟಬಲ್ಲದು.

"ಖಾಲಿ" ಎಂಬ ತಪ್ಪು ತಿಳಿವಳಿಕೆ ಹೇಗೆ ಹುಟ್ಟುತ್ತದೆ ಎಂಬುದನ್ನು ಸುಭೇದಾರರು ಅಂದು ನಮಗೆ ಬಿಡಿಸಿ ಹೇಳಿದರು. ಪಿಸ್ತೂಲಿನಲ್ಲಿ ಕಾಡತೂಸುಗಳು ಹಿಡಿಯೊಳಗಿನ ಮ್ಯಾಗಜಿನ್ ಎಂಬ ಪೆಟ್ಟಿಗೆಯಲ್ಲಿರುತ್ತವೆ. ಆ ಪೆಟ್ಟಿಗೆಯನ್ನು ಹೊರತೆಗೆದೊಡನೆ ಪಿಸ್ತೂಲು ಬರಿದಾಯಿತೆಂದು ಜನರು ತಿಳಿಯುತ್ತಾರೆ. ಆದರೆ ಅದಕ್ಕೂ ಮೊದಲೇ ಒಂದು ಕಾಡತೂಸು ನಳಿಗೆಯ ಬುಡಕ್ಕೆ ಏರಿ ಕುಳಿತಿರಬಹುದು. ಎಷ್ಟೋ ಪಿಸ್ತೂಲುಗಳು ಮ್ಯಾಗಜಿನ್ ಇಲ್ಲದಿದ್ದರೂ ಆ ಒಂದು ಗುಂಡನ್ನು ಹಾರಿಸುತ್ತವೆ. ಆದ್ದರಿಂದ ಮೊದಲು ಮ್ಯಾಗಜಿನ್ ತೆಗೆಯಬೇಕು. ಬಳಿಕ ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ನಳಿಗೆಯ ಬುಡವನ್ನು ಕಣ್ಣಿನಿಂದ ನೋಡಬೇಕು, ಕಿರುಬೆರಳಿನಿಂದ ಮುಟ್ಟಿಯೂ ನೋಡಬೇಕು. ಈ ಕ್ರಮ ಹಿಂದುಮುಂದಾದರೆ ಮ್ಯಾಗಜಿನ್ನಿನಿಂದ ಮತ್ತೊಂದು ಗುಂಡು ಮೇಲೇರುತ್ತದೆ. ರಿವಾಲ್ವರಿನಲ್ಲಿ ಸಿಲಿಂಡರ್ ತೆರೆದು ಪ್ರತಿಯೊಂದು ಮನೆಯನ್ನೂ ಎಣಿಸಬೇಕು. ಹಳೆಯ ಮಾದರಿಯ ರಿವಾಲ್ವರುಗಳಿಗೆ ಇನ್ನೊಂದು ದೋಷವುಂಟು. ಹ್ಯಾಮರ್ ಎಂಬ ಹಿಂಬದಿಯ ಸುತ್ತಿಗೆ ನೇರವಾಗಿ ಕಾಡತೂಸಿನ ಮೇಲೆ ಕುಳಿತಿರುವುದರಿಂದ, ಅವು ಕೆಳಗೆ ಬಿದ್ದು ಹ್ಯಾಮರಿಗೆ ಪೆಟ್ಟಾದರೆ ಟ್ರಿಗರ್ ಒತ್ತದೆಯೇ ಗುಂಡು ಹಾರಬಹುದು. ನಡುಮುರಿದು ತೆರೆಯುವ ಒಂಟಿನಳಿಗೆ, ಜೋಡುನಳಿಗೆ ಬಂದೂಕುಗಳನ್ನು ಮುರಿದು ತೆರೆದು, ಬೆಳಕಿಗೆ ಹಿಡಿದು ನೋಡಿಯೇ ಮೂಲೆಗಿಡಬೇಕು.

ಜಗತ್ತಿನಾದ್ಯಂತ ಶಿಕ್ಷಕರು ಕಲಿಸುವ ನಾಲ್ಕು ನಿಯಮಗಳಿವೆ. ಇವನ್ನು ಕ್ರಮಬದ್ಧಗೊಳಿಸಿ ಪ್ರಚಾರಕ್ಕೆ ತಂದವರು ಅಮೆರಿಕದ ಜೆಫ್ ಕೂಪರ್. ಅವುಗಳ ಸಾರವಿಷ್ಟು. ಒಂದು, ಪ್ರತಿಯೊಂದು ಬಂದೂಕೂ ಗುಂಡು ತುಂಬಿದ್ದೇ ಎಂದು ತಿಳಿದು ನಡೆಯಬೇಕು. ಎರಡು, ನಾಶವಾದರೂ ಚಿಂತೆಯಿಲ್ಲವೆನ್ನುವಂಥದ್ದರ ಹೊರತು ಬೇರೆ ಯಾವುದರ ಕಡೆಗೂ ನಳಿಗೆಯ ಬಾಯಿಯನ್ನು ತಿರುಗಿಸಬಾರದು. ಮೂರು, ಗುರಿ ನಿಶ್ಚಯವಾಗುವವರೆಗೆ ಬೆರಳನ್ನು ಟ್ರಿಗರಿನ ಒಳಗೆ ಹಾಕಬಾರದು. ನಾಲ್ಕು, ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿ ತಿಳಿದಿರಬೇಕು. ಒಂದು ನಿಯಮ ಮರೆತರೂ ಉಳಿದವು ಪ್ರಾಣವನ್ನು ಕಾಯುತ್ತವೆ. ಎಲ್ಲವನ್ನೂ ಒಟ್ಟಿಗೆ ಮರೆತಾಗಲೇ ಮನೆ ಹಾಳಾಗುವುದು.

ಇವಕ್ಕೆ ಗೃಹಸ್ಥರಿಗಾಗಿ ನಾವು ಇನ್ನು ಕೆಲವನ್ನು ಸೇರಿಸುತ್ತೇವೆ. ಆಯುಧ ಒಂದು ಬೀಗದಲ್ಲಿ, ಕಾಡತೂಸುಗಳು ಬೇರೊಂದು ಬೀಗದಲ್ಲಿ ಇರಲಿ. ಕೀಲಿಕೈ ಪರವಾನಗಿದಾರರ ಬಳಿಯೇ ಇರಲಿ. ತಲೆದಿಂಬಿನ ಕೆಳಗೆ, ಸೀರೆಯ ಗಂಟಿನಲ್ಲಿ, ಅಟ್ಟದ ಮೇಲೆ ಬಚ್ಚಿಡುವುದು ಭದ್ರತೆಯಲ್ಲ. ಅಜ್ಜಿ ಬಚ್ಚಿಟ್ಟ ಉಂಡೆಯ ಡಬ್ಬಿಯನ್ನು ಹುಡುಕಿದ ಮಕ್ಕಳಿಗೆ ಬಂದೂಕನ್ನು ಹುಡುಕುವುದು ಕಷ್ಟವೇ? ಒರೆಸುವಾಗ ಕೋಣೆಯಲ್ಲಿ ಕಾಡತೂಸುಗಳು ಇರಬಾರದು, ಮಕ್ಕಳೂ ಇರಬಾರದು. ಮದ್ಯ ಸೇವಿಸಿದವರ ಕೈಗೆ, ಕೋಪದಲ್ಲಿರುವವರ ಕೈಗೆ ಆಯುಧ ಸಿಗಕೂಡದು. ಮನೆಯಲ್ಲಿ ಯಾರಾದರೂ ತೀವ್ರ ದುಃಖದಲ್ಲಿ, ಖಿನ್ನತೆಯಲ್ಲಿ ಇದ್ದರೆ ಆಯುಧವನ್ನು ಮನೆಯಿಂದಲೇ ಹೊರಗೆ ಕಳುಹಿಸುವುದು ಲೇಸು. ಅಂಥವರನ್ನು ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯಲು ನಾಚಿಕೆಪಡಬೇಕಾದುದಿಲ್ಲ. ಮಕ್ಕಳಿಗೆ ಹೇಳಬೇಕಾದುದು ಇಷ್ಟೇ: ನಮ್ಮ ಮನೆಯಲ್ಲಾಗಲಿ, ಗೆಳೆಯರ ಮನೆಯಲ್ಲಾಗಲಿ ಬಂದೂಕು ಕಂಡರೆ ಮುಟ್ಟಬೇಡ, ಅಲ್ಲಿಂದ ಎದ್ದು ಬಾ, ದೊಡ್ಡವರಿಗೆ ತಿಳಿಸು.

ಕಾನೂನನ್ನೂ ತಿಳಿದಿರಬೇಕು. 1959ರ ಆಯುಧ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾಗಿ, ಸಾಮಾನ್ಯವಾಗಿ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಹೊಂದುವಂತಿಲ್ಲ. ಪರವಾನಗಿಯ ಅವಧಿ 5 ವರುಷ. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಅಪಾಯ ತಂದರೆ 2 ವರುಷಗಳವರೆಗೆ ಸೆರೆವಾಸ, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟು. ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣರಾದವರಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ 5 ವರುಷಗಳವರೆಗೆ ಶಿಕ್ಷೆಯಾಗಬಹುದು. ಪರವಾನಗಿದಾರರಾದ ಹಿರಿಯರು ಲಿಂಗೈಕ್ಯರಾದಾಗ ಅವರ ಆಯುಧ ತಾನಾಗಿಯೇ ಮಕ್ಕಳದಾಗುವುದಿಲ್ಲ. ಅದನ್ನು ತಡಮಾಡದೆ ಪೋಲೀಸ್ ಠಾಣೆಗೆ, ಇಲ್ಲವೇ ಪರವಾನಗಿಯುಳ್ಳ ವ್ಯಾಪಾರಿಗೆ ಒಪ್ಪಿಸಿ ರಸೀದಿ ಪಡೆಯಬೇಕು. ಬೇಕಿದ್ದವರು ತಮ್ಮ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಸಲ್ಲಿಸಬಹುದು. ಹಿರಿಯರ ನೆನಪೆಂದು ಸುಮ್ಮನೆ ಇಟ್ಟುಕೊಂಡರೆ ಅದು ಅಪರಾಧವಾಗುತ್ತದೆ.

ಎಲ್ಲ ಎಚ್ಚರಿಕೆಯನ್ನೂ ಮೀರಿ ಅವಘಡವಾದರೆ ಮೊದಲು ಆಯುಧವನ್ನು ಎಲ್ಲರಿಂದ ದೂರವಿರಿಸಿ, 108ಕ್ಕೆ ಕರೆ ಮಾಡಬೇಕು. ರಕ್ತ ಬರುವಲ್ಲಿ ಶುಭ್ರ ಬಟ್ಟೆಯನ್ನಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಗುಂಡನ್ನು ಹೊರತೆಗೆಯಲು ಯತ್ನಿಸಬಾರದು, ಬಾಯಿಗೆ ನೀರು, ಚಹಾ ಹಾಕಬಾರದು. ಹೊರಗೆ ಕಾಣುವ ಗಾಯ ಸಣ್ಣದಿದ್ದರೂ ಒಳಗಿನ ರಕ್ತಸ್ರಾವ ದೊಡ್ಡದಿರಬಹುದು. ಕೇಸಾದೀತೆಂಬ ಅಂಜಿಕೆಯಿಂದ ಗಾಯಾಳುವನ್ನು ಮನೆಯಲ್ಲಿಯೇ ಇಟ್ಟುಕೊಂಡು ಸಮಯ ಕಳೆಯುವುದು ಎಲ್ಲಕ್ಕಿಂತ ಘೋರವಾದ ತಪ್ಪು. ಪೋಲೀಸರ ದಾರಿ ಕಾಯದೆ ಮೊದಲು ಚಿಕಿತ್ಸೆ ಕೊಡುವುದು ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲಿಯೇ ತೀರ್ಪಿತ್ತಿದೆ. ಜೀವ ಮೊದಲು, ಜಬಾಬು ಆಮೇಲೆ.

ಕೊನೆಯದಾಗಿ, ಆಯುಧವುಳ್ಳ ಪ್ರತಿಯೊಂದು ಮನೆಯೂ ತನ್ನನ್ನು ತಾನು ಒಂದು ಪ್ರಶ್ನೆ ಕೇಳಿಕೊಳ್ಳಲಿ. ಇದು ನಮಗೆ ನಿಜವಾಗಿಯೂ ಬೇಕೇ? ಚುನಾವಣೆ ಬಂದಾಗ ಆಯುಧಗಳನ್ನು ಠಾಣೆಗೆ ಒಪ್ಪಿಸಿ ವಾರಗಟ್ಟಲೆ ಅದಿಲ್ಲದೆಯೇ ಇದ್ದೇವೆ. ಆ ದಿನಗಳಲ್ಲಿ ನಮ್ಮ ನಿದ್ರೆಗೆ ಭಂಗ ಬಂದುದುಂಟೇ? ಬೇಕೆನ್ನುವವರು ಮೇಲಿನ ನಿಯಮಗಳನ್ನು ವ್ರತದಂತೆ ಪಾಲಿಸಲಿ. ಬೇಡವೆನ್ನುವವರು ಕಾನೂನಿನಂತೆ ಅದನ್ನು ಒಪ್ಪಿಸಲಿ. ಅದರಿಂದ ಮನೆತನದ ಮಾನ ಕುಂದುವುದಿಲ್ಲ.

ನಾವು ಕಂಡ ಆ ವಾಡೆಯಲ್ಲಿ ಅಂದು ಸಂಜೆ ಯಜಮಾನರು ಕಾಡತೂಸುಗಳನ್ನೆಲ್ಲ ಎಣಿಸಿ ಬೇರೆ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು. ಮರುದಿನದ ಖಂಡೇಪೂಜೆಯಲ್ಲಿ ರಿವಾಲ್ವರ್ ಇರಲಿಲ್ಲ. ಅದರ ಸ್ಥಳದಲ್ಲಿ ಮೊಮ್ಮಗನ ಪಾಟಿಚೀಲವಿತ್ತು. ದಸರೆಯಂದು ಆ ಹುಡುಗ ಅಜ್ಜನವರಿಗೆ ಬನ್ನಿ ಕೊಟ್ಟು ಕಾಲಿಗೆರಗಿದಾಗ, ಅವರು ಅವನನ್ನು ಎಬ್ಬಿಸಿ ತುಸು ಹೆಚ್ಚು ಹೊತ್ತೇ ಅಪ್ಪಿಕೊಂಡುದನ್ನು ನಾವು ಕಂಡೆವು. ಈ ಮಹಾನವಮಿಗೆ ಆಯುಧವನ್ನು ಹೊರತೆಗೆಯುವ ಪ್ರತಿಯೊಬ್ಬ ಹಿರಿಯರೂ ಖಾಲಿಯೆಂದು ಹೇಳುವ ಮೊದಲು ಒಮ್ಮೆ ತೆರೆದು ನೋಡಲಿ ಎಂದಷ್ಟೇ ನಮ್ಮ ಬಿನ್ನಹ.